ಮೂರು ಸಲ 'ಸಾರಿ' ಯಾಕೆ ಹೇಳಿದಿರಿ, ಅಕ್ಕಾ?

ಕುಂದಾಪುರದ ಓದುಗರೊಬ್ಬರ ಪತ್ರ ಬಂದಿದೆ. ಮುಂಬೈಯಲ್ಲಿರುವ ಮಗನ ಮನೆಗೆಂದು ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಹತ್ತಿದ್ದಾರೆ. ಕಡಲು ಕಾಣಲಿ ಅಂತ ಹೆಚ್ಚಿಗೆ ಹಣ ಕೊಟ್ಟು ಎಡಗಡೆಯ ಕಿಟಕಿ ಸೀಟು ತೆಗೆದುಕೊಂಡಿದ್ದರು. ಹೋಗಿ ನೋಡಿದರೆ ಅಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಕೂತಿದ್ದಾನೆ, ಪಕ್ಕದಲ್ಲಿ ಅಪ್ಪ ಅಮ್ಮ. "ಒಂತೆ ಅಡ್ಜಸ್ಟ್ ಮಲ್ಪುಲೆ ಅಕ್ಕಾ" (ಸ್ವಲ್ಪ ಅಡ್ಜಸ್ಟ್ ಮಾಡಿ ಅಕ್ಕಾ) ಅಂತ ತುಳುವಿನಲ್ಲಿ ಅಂದರಂತೆ ತಾಯಿ. ಹುಡುಗನ ಸೀಟು ಎಲ್ಲೋ ಹಿಂದೆ, ಇಬ್ಬರ ನಡುವೆ. ಇವರು ಆಗುವುದಿಲ್ಲ ಅಂದರು. ಆಚೀಚಿನವರು ತಿರುಗಿ ನೋಡಿದರು. ಹುಡುಗ ಎದ್ದು ಹಿಂದೆ ಹೋದ, ತಾಯಿ ಮುಖ ದಪ್ಪ ಮಾಡಿದರು. "ಮೂರು ಸಲ 'ಸಾರಿ' ಹೇಳಿದೆ. ನಾಚಿಕೆಯಾಗಿ ಕಿಟಕಿಯ ಹೊರಗೂ ನೋಡಲಿಲ್ಲ. ನಾನು ಮಾಡಿದ್ದು ತಪ್ಪಾ?" ಎಂದು ಕೇಳಿದ್ದಾರೆ.

ತಪ್ಪಲ್ಲ. ತಪ್ಪಿದ್ದರೆ ಆ ಮೂರು 'ಸಾರಿ'ಯಲ್ಲಿದೆ, ಮತ್ತೆ ದುಡ್ಡು ಕೊಟ್ಟ ಕಡಲನ್ನು ನೋಡದೆ ಕೂತದ್ದರಲ್ಲಿದೆ.

ಸಣ್ಣ ಮಗು ತಾಯಿಯಿಂದ ದೂರ ಕೂರಬೇಕಾಗಿ ಬಂದಿದ್ದರೆ ಎದ್ದು ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೂ ನಿಮ್ಮ ತಲೆಬಿಸಿ ಅಲ್ಲ. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಟಿಕೆಟಿನಲ್ಲಿರುವ ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಸೀಟು ಕೊಡಬೇಕು ಎಂದು ವಿಮಾನ ಸಂಚಾರದ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪೆನಿಗಳಿಗೇ ಹೇಳಿದೆ. ಒಂಬತ್ತನೇ ಕ್ಲಾಸಿನ ಹುಡುಗ ಒಂದೂವರೆ ಗಂಟೆ ಅಮ್ಮನಿಂದ ಆರು ಸಾಲು ಹಿಂದೆ ಕೂತರೆ ಸೊರಗಿ ಹೋಗುವುದಿಲ್ಲ. ಒಳಗಿಂದ ಖುಷಿಯೇ ಪಟ್ಟಿರುತ್ತಾನೆ.

ನನ್ನ ತಕರಾರು ಆ 'ಅಡ್ಜಸ್ಟ್' ಎಂಬ ಶಬ್ದದ ಮೇಲೆ. ಅದನ್ನು ಯಾರ ಹತ್ತಿರ ಕೇಳುತ್ತಾರೆ ಅಂತ ಯಾವತ್ತಾದರೂ ಗಮನಿಸಿದ್ದೀರಾ? ಮೀಸೆ ತಿರುವಿಕೊಂಡು ಲ್ಯಾಪ್‌ಟಾಪ್ ಬಿಚ್ಚಿದವನ ಹತ್ತಿರ ಯಾರೂ ಕೇಳುವುದಿಲ್ಲ. ಒಬ್ಬರೇ ಬಂದ ಹೆಂಗಸು, ವಯಸ್ಸಾದವರು, ಮೊದಲ ಸಲ ವಿಮಾನ ಹತ್ತಿದವರು, ಮುಖ ನೋಡಿದರೆ 'ಇಲ್ಲ' ಅನ್ನಲಾರರು ಅಂತ ಗೊತ್ತಾಗುವವರು, ಇವರ ಹತ್ತಿರವೇ ಬರುತ್ತಾರೆ. ಅದೂ ಕೇಳಿ ಕೂರುವುದಲ್ಲ, ಕೂತು ಕೇಳುವುದು. ಮೊದಲೇ ಕೂತುಬಿಟ್ಟರೆ ಏಳಿಸುವವರೇ ಕೆಟ್ಟವರಾಗುತ್ತಾರೆ, ಅಲ್ವಾ? ಸರ್ವಿಸ್ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತಿದ್ದ ವಿದ್ಯೆಯೇ ಇದು, ಈಗ ಮೂವತ್ತು ಸಾವಿರ ಅಡಿ ಮೇಲೆ ಹೋಗಿದೆ ಅಷ್ಟೆ. ಕರ್ಚೀಫಿನವನು ಆದರೂ ಓಡಿ ಬಂದಿರುತ್ತಿದ್ದ.

ನನ್ನದೇ ಕಥೆ ಕೇಳಿ. ದುಬೈಯಿಂದ ಬರುವಾಗ ಮಂಡಿನೋವಿಗೆಂದು ದಾರಿ ಬದಿಯ ಸೀಟು ತೆಗೆದುಕೊಂಡಿದ್ದೆ. ಒಬ್ಬರು ಬಂದು "ಸರ್, ಫ್ಯಾಮಿಲಿ ಇದೆ" ಅಂದರು. ಕೊಟ್ಟೆ. ಫ್ಯಾಮಿಲಿ ಎಲ್ಲಿದೆ ಅಂತ ಮತ್ತೆ ನೋಡಿದರೆ ಅದು ಊರಿನಲ್ಲಿದೆ! ಮನುಷ್ಯನಿಗೆ ಕಾಲು ಚಾಚಲು ಜಾಗ ಬೇಕಿತ್ತು. ನಾನು ಮೂರೂವರೆ ಗಂಟೆ ಇಬ್ಬರ ನಡುವೆ, ಎರಡೂ ಕಡೆಯ ಕೈಯಾನಿಕೆ ಕಳೆದುಕೊಂಡು, ಮಲ್ಲಿಗೆ ಅಟ್ಟೆಯ ಹಾಗೆ ಕಟ್ಟಿಸಿಕೊಂಡು ಬಂದೆ. (ನಡುವೆ ಕೂತವರಿಗೆ ಕಿಟಕಿಯೂ ಇಲ್ಲ, ದಾರಿಯೂ ಇಲ್ಲ. ಎರಡೂ ಕೈಯಾನಿಕೆ ಅವರಿಗೆ ಬಿಡುವುದು ಮರ್ಯಾದೆ. ಪಕ್ಕದವರ ಮೊಣಕೈ ಬಂದರೆ ಹಲ್ಲು ಕಚ್ಚಿ ಕೂರಬೇಡಿ, "ಸ್ವಲ್ಪ ಆಚೆ" ಅಂತ ನಗುತ್ತಲೇ ಹೇಳಿ.)

ಅಸಲಿಗೆ ಈ ಜಗಳ ಹಚ್ಚಿದವರು ಅಲ್ಲಿ ಕಾಣುವುದೇ ಇಲ್ಲ. ಬೋಯಿಂಗ್ 737ರ ಸೀಟಿನ ಅಗಲ ಸುಮಾರು 17 ಇಂಚು, ಏರ್‌ಬಸ್ 320ರದ್ದು ಒಂದಿಂಚು ಜಾಸ್ತಿ. ಆ 17 ಇಂಚಿಗೆ ಟಿಕೆಟಿನ ಹಣ ಬೇರೆ, ಇಂಥದ್ದೇ ಬೇಕು ಅಂದರೆ ಅದರ ಹಣ ಬೇರೆ. ಗಂಡ ಹೆಂಡತಿ ಹಣ ಕಟ್ಟದಿದ್ದರೆ ಒಬ್ಬರು ಮೂಡಕ್ಕೆ, ಒಬ್ಬರು ಪಡುವಕ್ಕೆ. ಆ ಹಣ ಉಳಿಸಿದವರು ಅದನ್ನು ನಿಮ್ಮ ಹತ್ತಿರ ವಸೂಲಿ ಮಾಡಲು ಬರುತ್ತಾರೆ. ನೀವು ಇಬ್ಬಿಬ್ಬರು ಬಡಿದಾಡಿಕೊಂಡರೆ ಕಂಪೆನಿಯವರಿಗೆ ಏನು ನಷ್ಟ?

ಇನ್ನೊಮ್ಮೆ ಹೀಗಾದರೆ ಸೀಟಿನವರ ಹತ್ತಿರ ವಾದಕ್ಕೆ ನಿಲ್ಲಬೇಡಿ. ಬೋರ್ಡಿಂಗ್ ಪಾಸ್ ತೋರಿಸಿ "ಇದು ನನ್ನದು" ಅನ್ನಿ. ಏಳದಿದ್ದರೆ ಬಾಗಿಲು ಹಾಕುವ ಮೊದಲೇ ಸಿಬ್ಬಂದಿಯನ್ನು ಕರೆಯಿರಿ. ಅದು ಅವರ ಕೆಲಸ. ಸಣ್ಣ ವಿಮಾನಗಳಲ್ಲಂತೂ ತೂಕದ ಲೆಕ್ಕ ಇರುತ್ತದೆ, ಅವರನ್ನು ಕೇಳದೆ ಸೀಟು ಬದಲಾಯಿಸುವ ಹಾಗೇ ಇಲ್ಲ. ದನಿ ಏರಿಸುವುದು ಮಾತ್ರ ಬೇಡ. ಬೈಗುಳವೂ ಡಿಜಿಸಿಎ ಲೆಕ್ಕದಲ್ಲಿ ಮೊದಲ ಹಂತದ ತಪ್ಪು, ಮೂರು ತಿಂಗಳವರೆಗೆ ವಿಮಾನ ಹತ್ತದ ಹಾಗೆ ಮಾಡಬಹುದು.

ವಿಮಾನ ಬಿಡಿ, ನಮ್ಮ ಊರಿನ ಮದುವೆ ಊಟ ನೋಡಿ. ನೀವಿನ್ನೂ ಸಾರಿನಲ್ಲಿರುವಾಗಲೇ ಕುರ್ಚಿಯ ಬೆನ್ನು ಹಿಡಿದು ಒಬ್ಬರು ನಿಂತಿರುತ್ತಾರೆ. ಪಾಯಸಕ್ಕೆ ಬರುವಾಗ ಅವರ ಉಸಿರು ನಿಮ್ಮ ಕುತ್ತಿಗೆಗೆ ತಾಗುತ್ತಿರುತ್ತದೆ. ಮಜ್ಜಿಗೆ ಬಿಟ್ಟು ಎದ್ದವರು ಎಷ್ಟು ಜನ! ನಾನೂ ಎದ್ದಿದ್ದೇನೆ. ಹಾಗೆ ಎದ್ದೆದ್ದು ಅಭ್ಯಾಸವಾದವರಿಗೇ, ಅಕ್ಕಾ, ತನ್ನ ಸೀಟಿನಲ್ಲಿ ತಾನು ಕೂತದ್ದಕ್ಕೆ ನಾಚಿಕೆಯಾಗುವುದು.

ಬರುವ ತಿಂಗಳು ನಾವಿಬ್ಬರೂ ಮಗಳ ಮನೆಗೆ ಹೊರಟಿದ್ದೇವೆ. ಸೀಟಿಗೆ ಬೇರೆ ಹಣ ಯಾಕೆ, ಒಳಗೆ ಹೋಗಿ ಯಾರನ್ನಾದರೂ ಕೇಳಿದರಾಯಿತು ಅಂತ ನಾನೇ ಮನೆಯಲ್ಲಿ ಹೇಳಿದ್ದೆ. ನಿಮ್ಮ ಪತ್ರವನ್ನು ಮನೆಯವಳು ಓದಿದಳು. ನನ್ನ ಮೊಬೈಲ್ ತೆಗೆದುಕೊಂಡು ಎರಡೂ ಸೀಟಿಗೆ ಹಣ ಕಟ್ಟಿದಳು. ಕಿಟಕಿ ಅವಳಿಗೆ, ನನಗೆ ನಡುವಿನದು.