ಅಲಂಕಾರ ಹಡಗಿನಿಂದ ಬಿತ್ತೇ?

ಪ್ರಶ್ನೆ: ನಮ್ಮ ಸಂಘದ ಲೆಕ್ಕಪರಿಶೋಧಕರಿಗೆ ಕನ್ನಡ ಬಾರದ ಕಾರಣ, ರಾಜ್ಯೋತ್ಸವದ ಖರ್ಚನ್ನು ಪರಿಶೀಲಿಸಿದ ಸಭೆಯ ನಡಾವಳಿಯನ್ನು ಇಂಗ್ಲಿಷಿನಲ್ಲಿ ಬರೆದೆ. ವೇದಿಕೆಯ ಹೂವಿನ ಅಲಂಕಾರ ಅತಿಯಾಯಿತೆಂಬ ಅರ್ಥದಲ್ಲಿ ‘ದಿ ಡೆಕೊರೇಷನ್ ವೆಂಟ್ ಓವರ್‌ಬೋರ್ಡ್’ ಎಂದಿದ್ದೆ. ಹಿರಿಯ ಸದಸ್ಯರೊಬ್ಬರು, ಅಲಂಕಾರ ಸಮುದ್ರಕ್ಕೆ ಬಿತ್ತೆಂದು ಇದರ ಅರ್ಥ, ‘ಓವರ್ ದಿ ಟಾಪ್’ ಎನ್ನಬೇಕಿತ್ತು ಎಂದು ಆಕ್ಷೇಪಿಸಿದರು. ಯಾರದು ಸರಿ?
— ಓದುಗರು, ಡೊಂಬಿವಲಿ

ಉತ್ತರ: ಈ ವಾಕ್ಯದ ಮಟ್ಟಿಗೆ ಹಿರಿಯರದು ಸರಿ; ಆದರೆ ನೀವು ಆರಿಸಿದ ನುಡಿಗಟ್ಟೂ ತಪ್ಪಲ್ಲ, ಅದಕ್ಕೆ ಕೊಟ್ಟ ಕರ್ತೃಪದ ಮಾತ್ರ ತಪ್ಪು.

ಇಲ್ಲಿ ‘ಬೋರ್ಡ್’ ಎಂದರೆ ಹಡಗಿನ ಪಕ್ಕೆ. ಮುಂಬಯಿಯ ಗೇಟ್‌ವೇಯಿಂದ ಸಮುದ್ರದಾಚೆಯ ಮಾಂಡವಾಕ್ಕೆ ಲಾಂಚಿನಲ್ಲಿ ಹೋಗುವಾಗ, ಫೋಟೋ ತೆಗೆಯುವ ಉಮೇದಿನಲ್ಲಿ ಕಟಾಂಜನದ ಆಚೆಗೆ ಬಾಗುವವರನ್ನು ನೀವು ನೋಡಿಯೇ ಇರುತ್ತೀರಿ. ಇನ್ನೊಂದು ಗೇಣು ಬಾಗಿದರೆ ಅವರು ‘ಓವರ್‌ಬೋರ್ಡ್’. ಉತ್ಸಾಹದ ಭರದಲ್ಲಿ ಅಂಚು ದಾಟುವುದೆಂಬ ಲಾಕ್ಷಣಿಕ ಅರ್ಥ ಈ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಆದ್ದರಿಂದ ಅಂಚು ದಾಟುವವರು ಮನುಷ್ಯರಾಗಿರಬೇಕು: ‘ವಿ ವೆಂಟ್ ಓವರ್‌ಬೋರ್ಡ್ ವಿತ್ ದಿ ಡೆಕೊರೇಷನ್’. ‘ವಿತ್’ ಬದಲು ‘ಆನ್’ ಕೂಡ ನಡೆಯುತ್ತದೆ. ಆದರೆ ‘ಗೋ’ ಇರುವಲ್ಲಿ ‘ಥ್ರೋ’ ಬಂದರೆ ಅರ್ಥವೇ ತಿರುಗಿ, ಬೇಡವೆಂದು ಕೈಬಿಟ್ಟದ್ದು ಎಂದಾಗುತ್ತದೆ. ನಿಮ್ಮ ಹಿರಿಯರ ಕಿವಿಯಲ್ಲಿ ಬಹುಶಃ ಇದೇ ಇತ್ತು.

‘ಓವರ್ ದಿ ಟಾಪ್’ ನೆಲದ ಮೇಲಿನ ಮಾತು. 1914–18ರ ಮಹಾಯುದ್ಧದಲ್ಲಿ ಸೈನಿಕರು ಕಂದಕದ ಅಂಚು ಹತ್ತಿ ಶತ್ರುವಿನ ಗುಂಡಿಗೆ ಎದೆಯೊಡ್ಡಿ ಹೊರಡುವುದಕ್ಕೆ ಹೀಗೆನ್ನುತ್ತಿದ್ದರು. ಈಗ ಅದು ಮಾಡಿದವರಿಗಿಂತ ಹೆಚ್ಚಾಗಿ ಮಾಡಿದ್ದನ್ನು ಬಣ್ಣಿಸುತ್ತದೆ: ಅಲಂಕಾರ, ಅಭಿನಯ, ಭಾಷಣ, ಮದುವೆಯ ಆಮಂತ್ರಣ ಪತ್ರಿಕೆ. (ನಾವು ಮನೆಯಲ್ಲಿ ಸಿನಿಮಾ ನೋಡುವ ಓಟಿಟಿಯೂ ಇದೇ ಮೂರು ಪದಗಳ ಹ್ರಸ್ವರೂಪ, ಆದರೆ ಅಲ್ಲಿ ಅತಿರೇಕದ ಅರ್ಥವಿಲ್ಲ, ಕೇಬಲ್ಲಿನವರನ್ನು ಬದಿಗಿಟ್ಟು ಇಂಟರ್‌ನೆಟ್ಟಿನ ಮೇಲೆಯೇ ಬರುವುದೆಂದಷ್ಟೇ ಅರ್ಥ.)

ಕನ್ನಡದಲ್ಲಿ ಈ ತೊಡಕಿಲ್ಲ. ‘ಅತಿಯಾಯಿತು’ ಎಂಬುದು ಹೂವಿಗೂ ಸಲ್ಲುತ್ತದೆ, ಹೂ ತರಿಸಿದವರಿಗೂ ಸಲ್ಲುತ್ತದೆ. ವೇದಿಕೆಯ ಬಗೆಗಾದರೆ ‘ಮೂಗಿಗಿಂತ ಮೂಗುತಿ ಭಾರ’ ಎಂಬುದಕ್ಕಿಂತ ಒಳ್ಳೆಯ ಮಾತು ನನಗೆ ತೋಚುವುದಿಲ್ಲ. ನೆರೆಮನೆಯ ಮರಾಠಿಗರು ‘ಅತಿ ತೇಥೇ ಮಾತೀ’ (ಅತಿಯಾದಲ್ಲಿ ಎಲ್ಲ ಮಣ್ಣುಪಾಲು) ಎಂದಾರು. ಆದರೆ ಮುಖಕ್ಕೆ ಮುಖ ಕೊಟ್ಟು ‘ನಿಮ್ಮದು ಅತಿಯಾಯಿತು’ ಎಂದರೆ ಬೈಗುಳವೇ ಆಗುತ್ತದೆ, ‘ಯು ವೆಂಟ್ ಓವರ್‌ಬೋರ್ಡ್’ ಎಂಬುದು ಅಷ್ಟು ಚುಚ್ಚದು, ‘ವಿ’ ಸೇರಿದರಂತೂ ತಪ್ಪೊಪ್ಪಿಗೆಯಂತೆ ಕೇಳುತ್ತದೆ.

ನಡಾವಳಿಗೆ ಇನ್ನೂ ಸಹಿ ಬಿದ್ದಿಲ್ಲವಾದರೆ ಆ ‘ವಿ’ ಸೇರಿಸಿ ತಿದ್ದಿರಿ. ಹೂವಿನವನಿಗೆ ಮುಂಗಡ ಕೊಟ್ಟವರು ಆಗ ನಿಮ್ಮ ಮೇಲೆ ಮುನಿಯಲಾರರು.