ಐದು ಪ್ರತಿ, ಐನೂರು ಪ್ರತಿ: ಎಣಿಸುವವರು ಯಾರು?

ಪ್ರಶ್ನೆ: ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಕೋಶದಲ್ಲಿ ಪಿಎಸ್‌ಸಿ101 ಪ್ಲಾಸ್ಮಿಡ್ ಸುಮಾರು 5 ಪ್ರತಿ ಇರುತ್ತದೆ, ಪಿಯುಸಿ19 ಆದರೆ 500ಕ್ಕೂ ಜಾಸ್ತಿ ಅಂತ ನಮ್ಮ ನೋಟ್ಸಿನಲ್ಲಿದೆ. ಎರಡೂ ಉಂಗುರದಂಥ ಡಿಎನ್‌ಎ ತಾನೇ? ಈಗ ನಕಲು ಮಾಡು, ಈಗ ನಿಲ್ಲಿಸು ಅಂತ ಅವಕ್ಕೆ ಹೇಳುವವರು ಯಾರು ಮೇಡಂ?
– ಬಿ.ಎಸ್ಸಿ. ವಿದ್ಯಾರ್ಥಿ, ಮಂಡ್ಯ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೈಸೂರಿನಲ್ಲಿ ಪಾಠ ಮಾಡಿದಷ್ಟು ವರ್ಷವೂ ನಾನು ಕಾಯುತ್ತಿದ್ದದ್ದು ಇಂಥ ಪ್ರಶ್ನೆಗೇ. 5, 500 ಅಂತ ಬಾಯಿಪಾಠ ಮಾಡುವವರು ಬೇಕಾದಷ್ಟು ಜನ. ಎಣಿಸೋರು ಯಾರು ಅಂತ ಕೇಳುವವರು ಕಡಿಮೆ.

ನಿಮ್ಮ ಕಡೆ ವಿ.ಸಿ. ನಾಲೆಯ ತೂಬಿಗೆ ನೀರುಗಂಟಿ ಇರುತ್ತಾರಲ್ಲ, ಗದ್ದೆಗೆ ನೀರು ಸಾಕಾಯ್ತು ಅಂದರೆ ತೂಬು ಇಳಿಸುವವರು? ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದ ಸ್ವಂತ ಕ್ರೋಮೋಸೋಮ್ ಅಲ್ಲದೆ ಬೇರೆಯಾಗಿ ಇರುವ ಪುಟ್ಟ ಡಿಎನ್‌ಎ ಉಂಗುರ. ಅದರಲ್ಲಿ ತೂಬು ಇರುವ ಜಾಗಕ್ಕೆ ಒರಿಜಿನ್ ಅನ್ನುತ್ತೇವೆ. ನಕಲು ಶುರುವಾಗುವುದು ಅಲ್ಲಿಂದ. ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಉಂಗುರ ಪೂರ್ತಿ ಸುತ್ತಿಯೇ ಮುಗಿಯುತ್ತದೆ. ಹಾಗಾಗಿ ಹಿಡಿತ ಎಲ್ಲಾ ಶುರುವಿನಲ್ಲೇ.

ಮೊದಲು ಪಿಯುಸಿ19 ನೋಡೋಣ. ಅದರ ಒರಿಜಿನ್ ಕೋಲ್‌ಇ1 ಮನೆತನದ್ದು. ನಕಲು ಮಾಡುವ ಕಿಣ್ವ ಡಿಎನ್‌ಎ ಪಾಲಿಮರೇಸ್‌ಗೆ ಬರೀ ಎಳೆಯ ಮೇಲೆ ಕೆಲಸ ಶುರು ಮಾಡಲು ಬರುವುದಿಲ್ಲ. ಮುಂದುವರಿಸಲು ಒಂದು ತುದಿ ಬೇಕು. ಅದೇ ಪ್ರೈಮರ್. ಕೋಲ್‌ಇ1ನಲ್ಲಿ ಒರಿಜಿನ್‌ಗಿಂತ 555 ಅಕ್ಷರ (ಎಳೆಯ ಒಂದೊಂದು ಬಿಡಿ ಘಟಕಕ್ಕೆ ಹೀಗನ್ನುತ್ತೇನೆ) ಹಿಂದೆ ಒಂದು ಆರ್‌ಎನ್‌ಎ ಹುಟ್ಟುತ್ತದೆ. ಹೆಸರು ಆರ್‌ಎನ್‌ಎ 2. ಬೇರೆ ಆರ್‌ಎನ್‌ಎಗಳು ತಯಾರಾಗುತ್ತಲೇ ಡಿಎನ್‌ಎಯಿಂದ ಬಿಟ್ಟುಕೊಳ್ಳುತ್ತವೆ. ಇದು ಒಂದು ವಿಶೇಷ ರೀತಿಯಲ್ಲಿ ಮಡಚಿಕೊಂಡು, ಒರಿಜಿನ್ ಹತ್ತಿರ ಡಿಎನ್‌ಎಗೇ ಅಂಟಿಕೊಂಡು ಕೂರುತ್ತದೆ. ಆಗ ಆರ್‌ಎನ್‌ಏಸ್ ಎಚ್ ಎಂಬ ಕಿಣ್ವ ಬಂದು ಅಂಟಿಕೊಂಡ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಆ ಕತ್ತರಿಸಿದ ತುದಿಗೆ ಡಿಎನ್‌ಎ ಪಾಲಿಮರೇಸ್ 1 ಮೊದಲ ಡಿಎನ್‌ಎ ಅಕ್ಷರ ಜೋಡಿಸುತ್ತದೆ. ನಕಲು ಶುರುವಾಯಿತು. ಇಷ್ಟಕ್ಕೂ ಪ್ಲಾಸ್ಮಿಡ್ ತನ್ನದು ಅಂತ ಒಂದು ಪ್ರೋಟೀನನ್ನೂ ಮಾಡಬೇಕಿಲ್ಲ. ಎಲ್ಲಾ ಬ್ಯಾಕ್ಟೀರಿಯಾದ ಮನೆಯ ಸಾಮಾನೇ.

ಇದನ್ನು ನಾನು ಕಣ್ಣಾರೆ ನೋಡಿದ್ದು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ. ಇದೇ ಮನೆತನದ ಪಿಬಿಆರ್322 ಪ್ಲಾಸ್ಮಿಡ್ ಇರುವ ಬ್ಯಾಕ್ಟೀರಿಯಾಗೆ ಸಂಜೆ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಹಾಕಿ ಇಡೀ ರಾತ್ರಿ ಬಿಡುತ್ತಿದ್ದೆವು. ಹೊಸ ಪ್ರೋಟೀನ್ ತಯಾರಾಗುವುದು ನಿಂತುಹೋಗುತ್ತದೆ. ಬ್ಯಾಕ್ಟೀರಿಯಾದ ಸ್ವಂತ ಕ್ರೋಮೋಸೋಮ್‌ಗೆ ಹೊಸ ಸುತ್ತು ಶುರು ಮಾಡಲು ಹೊಸ ಪ್ರೋಟೀನ್ ಬೇಕು, ಅದು ಸುಮ್ನೆ ಕೂರುತ್ತದೆ. ಪ್ಲಾಸ್ಮಿಡ್ ಮಾತ್ರ ರಾತ್ರಿಯೆಲ್ಲಾ ನಕಲಾಗುತ್ತಲೇ ಇರುತ್ತದೆ. ಆಮೇಲೆ ಡಿಎನ್‌ಎ ತೆಗೆದು, ಸೀಸಿಯಂ ಕ್ಲೋರೈಡ್‌ನಲ್ಲಿ ಗಂಟೆಗಟ್ಟಲೆ ತಿರುಗಿಸಿ, ಕತ್ತಲೆ ಕೋಣೆಯಲ್ಲಿ ಯುವಿ ದೀಪ ಹಾಕಿದರೆ ಟ್ಯೂಬಿನೊಳಗೆ ಎರಡು ಕಿತ್ತಳೆ ಪಟ್ಟಿ ಹೊಳೆಯುತ್ತವೆ. ಮೇಲಿನದು ಕ್ರೋಮೋಸೋಮ್, ಕೆಳಗಿನದು ಪ್ಲಾಸ್ಮಿಡ್. ಕ್ಲೋರಾಂಫೆನಿಕಾಲ್ ಹಾಕಿದ ಟ್ಯೂಬಿನಲ್ಲಿ ಆ ಕೆಳಗಿನ ಪಟ್ಟಿ ಎಷ್ಟು ದಪ್ಪ ಇತ್ತು ಅಂತ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಾದರೆ ನಿಲ್ಲಿಸುವುದು? ಅದೂ ಒಂದು ಆರ್‌ಎನ್‌ಎಯೇ. ಆರ್‌ಎನ್‌ಎ 1, ಬರೀ 108 ಅಕ್ಷರದ್ದು. ಅದೇ ಜಾಗದ ಎದುರು ಎಳೆಯಿಂದ ಹುಟ್ಟುತ್ತದೆ. ತಲೆಗೆ ಸಿಗಿಸುವ ಹೇರ್‌ಪಿನ್ ನೋಡಿದ್ದೀರಲ್ಲ, ಅಂಥ ಮೂರು ಮಡಿಕೆ ಅದರಲ್ಲಿವೆ. ಆರ್‌ಎನ್‌ಎ 2ರಲ್ಲೂ ಅದಕ್ಕೆ ಜೋಡಿಯಾಗುವ ಮಡಿಕೆಗಳಿವೆ. ಎರಡರ ಬಾಗು ತುದಿಗಳು ಮೊದಲು ತಾಕುತ್ತವೆ, ಆಮೇಲೆ ಉದ್ದಕ್ಕೂ ಹೆಣೆದುಕೊಳ್ಳುತ್ತವೆ. ಆರ್‌ಎನ್‌ಎ 2 ಮಡಚಿಕೊಳ್ಳಬೇಕಾದ ರೀತಿಯೇ ತಪ್ಪಿಹೋಗುತ್ತದೆ. ಡಿಎನ್‌ಎಗೆ ಅಂಟುವುದಿಲ್ಲ, ಪ್ರೈಮರ್ ಆಗುವುದಿಲ್ಲ.

ಈಗ ನಿಮ್ಮ ಎಣಿಕೆಗೆ ಬನ್ನಿ. ಪ್ರತಿಯೊಂದು ಪ್ಲಾಸ್ಮಿಡ್ಡೂ ಆರ್‌ಎನ್‌ಎ 1 ಮಾಡುತ್ತದೆ. ಪ್ಲಾಸ್ಮಿಡ್ ಜಾಸ್ತಿಯಾದರೆ ತಡೆಯೂ ಜಾಸ್ತಿ. ಕೋಶ ಬೆಳೆದಂತೆ ಆರ್‌ಎನ್‌ಎ 1 ತೆಳುವಾಗುತ್ತದೆ, ಬೇಗ ಒಡೆದುಹೋಗುವಂಥದ್ದು ಬೇರೆ. ಆಗ ತಡೆ ಸಡಿಲ, ಮತ್ತೆ ನಕಲು. ಇಲ್ಲಿ ನೀರುಗಂಟಿಯೇ ಇಲ್ಲ. ಗದ್ದೆಯ ನೀರೇ ಏರಿ ತೂಬು ಮುಚ್ಚಿದ ಹಾಗೆ.

ಈ ಹೆಣಿಗೆಗೆ ನೆರವಾಗುವ 63 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನ್ ಇದೆ, ರಾಪ್ ಅಂತ. ಪಿಬಿಆರ್322ರಲ್ಲಿ ಅದು ಇದೆ, ಪ್ರತಿಗಳು 15ರಿಂದ 20. ಪಿಯುಸಿ19ರಲ್ಲಿ ಅದರ ಜೀನ್ ಇಲ್ಲ. ಜೊತೆಗೆ ಆರ್‌ಎನ್‌ಎ 2ರ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲು. ಇಷ್ಟಕ್ಕೇ 500 ದಾಟುತ್ತದೆ!

ಪಿಎಸ್‌ಸಿ101ರ ದಾರಿ ಬೇರೆ. ಅದು ತನ್ನ ನೀರುಗಂಟಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ರೆಪ್‌ಎ ಎಂಬ ಆ ಪ್ರೋಟೀನ್ ಒರಿಜಿನ್‌ನಲ್ಲಿ ಸಾಲಾಗಿರುವ ಒಂದೇ ಥರದ ತುಣುಕುಗಳ ಮೇಲೆ ಕೂರುತ್ತದೆ. ಪಕ್ಕದಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎಎ ಎಂಬ ಪ್ರೋಟೀನ್. ಇವು ಸೇರಿ ಎಳೆಯನ್ನು ಬಗ್ಗಿಸಿದಾಗ ಎ-ಟಿ ಜೋಡಿ ಜಾಸ್ತಿ ಇರುವ ಕಡೆ ಡಿಎನ್‌ಎ ಬಿಚ್ಚಿಕೊಳ್ಳುತ್ತದೆ. ಜಿ-ಸಿ ಜೋಡಿಗೆ ಮೂರು ಹೈಡ್ರೋಜನ್ ಕಟ್ಟು, ಎ-ಟಿಗೆ ಎರಡೇ, ಅಲ್ವಾ? ರೆಪ್‌ಎ ಜಾಸ್ತಿಯಾದರೆ ಜೋಡಿಜೋಡಿಯಾಗಿ ತನ್ನದೇ ಜೀನ್ ಮೇಲೆ ಕೂತು ಅದನ್ನು ಮುಚ್ಚುತ್ತದೆ. ಅದಕ್ಕೇ ಐದರ ಆಸುಪಾಸು.

ಪ್ರಶ್ನೆ: ಒಂದೇ ಕೋಶಕ್ಕೆ ಎರಡು ಪ್ಲಾಸ್ಮಿಡ್ ಹಾಕಿದ್ದೆ. ಆಂಟಿಬಯಾಟಿಕ್ ಇಲ್ಲದೆ ನಾಲ್ಕು ದಿನ ಬೆಳೆಸಿದ ಮೇಲೆ ಒಂದು ಮಾಯ. ಯಾಕೆ?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಎರಡರ ಒರಿಜಿನ್ ಒಂದೇ ಮನೆತನದ್ದೇ ನೋಡಿ. ನನ್ನದೂ ಹೀಗೇ ಮೂರು ವಾರದ ಕೆಲಸ ಹೋಗಿತ್ತು. ಎರಡನ್ನೂ ಪಿಬಿಆರ್322 ಮೇಲೆ ಕಟ್ಟಿದ್ದೆ. ಒಂದರ ಆರ್‌ಎನ್‌ಎ 1 ಇನ್ನೊಂದನ್ನೂ ತಡೆಯುತ್ತದೆ. ಕೋಶಕ್ಕೆ ಗೊತ್ತಾಗುವುದು ಒಟ್ಟು ಲೆಕ್ಕ ಮಾತ್ರ, ಯಾವುದು ಎಷ್ಟು ಅಂತ ಅಲ್ಲ. ಪ್ರತಿ ಸಲ ಯಾವುದು ನಕಲಾಗುತ್ತದೋ ಅದು ಅದೃಷ್ಟ. ಕೆಲವು ಪೀಳಿಗೆ ಕಳೆಯುವಷ್ಟರಲ್ಲಿ ಒಂದು ಹೊರಬೀಳುತ್ತದೆ.

ಒಂದನ್ನು ಪಿಎಸಿವೈಸಿ184ಕ್ಕೆ ಬದಲಾಯಿಸಿ. ಅದರ ಒರಿಜಿನ್ ಪಿ15ಎ. ನಕಲಾಗುವ ರೀತಿ ಕೋಲ್‌ಇ1ನಂತೆಯೇ, ಆದರೆ ಮಡಿಕೆಯ ಅಕ್ಷರಗಳು ಬೇರೆ. ಒಂದರ ತಡೆ ಇನ್ನೊಂದಕ್ಕೆ ತಾಕುವುದಿಲ್ಲ. ಮುಂದಿನ ಸಲ ಪ್ಲಾಸ್ಮಿಡ್‌ನ ನಕ್ಷೆ ಬಿಡಿಸಿದ ತಕ್ಷಣ ಮೊದಲು ಒರಿಜಿನ್ ನೋಡಿ, ಆಂಟಿಬಯಾಟಿಕ್ ತಡೆದುಕೊಳ್ಳುವ ಜೀನ್ ಆಮೇಲೆ. ಹೀಗೆ ಮಾಡಿದ ಮೇಲೂ ಕಳೆದುಹೋದರೆ ಎರಡೂ ಪ್ಲಾಸ್ಮಿಡ್‌ನ ಹೆಸರು ಬರೆದು ಕಳಿಸಿ.