ಮಗಳು ಈಗ ಟ್ರಿಪ್ ಅಂದರೆ ಅಜ್ಜಿ ಹಿಂದೆ ಅಡಗುತ್ತಾಳೆ

ಪ್ರಶ್ನೆ: ನಾನು ದಾವಣಗೆರೆಯವಳು. ಆರು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ಮನೆಯವರದ್ದು ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ರಾತ್ರಿ ಒಂಬತ್ತೂವರೆಗೆ. ಅಷ್ಟೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಅವರಿಗೆ ಭಾನುವಾರ ಬಿಡುವು ಸಿಗುವುದೇ ಅಪರೂಪ. ಸಿಕ್ಕರೆ ಎಲ್ಲಾದರೂ ಹೋಗಲೇಬೇಕು ಅನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಚಿತ್ರದುರ್ಗದ ಕೋಟೆಗೆ ಹೋದೆವು. ನಾನು ನಾಲ್ಕೂವರೆಗೆ ಎದ್ದು ಮನೆಮಂದಿಗೆಲ್ಲ ಅಡುಗೆ ಮಾಡಿ, ಬುತ್ತಿ ಕಟ್ಟಿ, ಮಕ್ಕಳನ್ನು ರೆಡಿ ಮಾಡುವಷ್ಟರಲ್ಲಿ ಇವರು ಕೆಳಗೆ ಕಾರಿನ ಹಾರ್ನ್ ಹೊಡೆಯುತ್ತಿದ್ದರು. ಕೋಟೆ ಬಾಗಿಲಿಗೆ ಹೋದಾಗ ಹನ್ನೊಂದೂವರೆ. ಮಗ ಎತ್ತಿಕೋ ಎಂದು ಹಟ ಹಿಡಿದ. ಮಗಳು ಸಿಡಿಮದ್ದು ಅರೆಯುವ ದೊಡ್ಡ ಬೀಸುವ ಕಲ್ಲುಗಳ ಹತ್ತಿರ ನಿಂತವಳು ಕದಲಲಿಲ್ಲ. ‘ಇದನ್ನ ಯಾರು ತಿರುಗಿಸ್ತಿದ್ರು ಅಪ್ಪಾಜಿ?’ ಎಂದು ಕೇಳಿದಳು. ‘ಬೇಗ ನಡಿ, ಇನ್ನೂ ಓಬವ್ವನ ಕಿಂಡಿ ನೋಡೋದೈತಿ’ ಎಂದರು. ಸ್ವಲ್ಪ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ಇವರು ಎಲ್ಲರ ಮುಂದೆ ಕೆನ್ನೆಗೆ ಹೊಡೆದರು. ಹಿಂದೆಂದೂ ಹೊಡೆದವರಲ್ಲ. ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆದರೂ ಸ್ಟೇಟಸ್‌ಗೆ ಹಾಕಿದ ಫೋಟೋದಲ್ಲಿ ನಾವೆಲ್ಲ ನಗುತ್ತಿದ್ದೇವೆ.

ಈಗ ದಸರಾ ರಜೆಗೆ ಇವರ ಗೆಳೆಯರ ಕುಟುಂಬದ ಜೊತೆ ಮೂರು ದಿನದಲ್ಲಿ ಜೋಗ, ಮುರುಡೇಶ್ವರ, ಗೋಕರ್ಣ ಎಂದು ಪ್ಲಾನ್ ಆಗುತ್ತಿದೆ. ಸುದ್ದಿ ಕೇಳಿ ಮಗಳು ಅಜ್ಜಿಯ ಸೆರಗಿನ ಹಿಂದೆ ಹೋಗಿ ‘ನಾನು ಬರಲ್ಲ, ಅಪ್ಪಾಜಿ ಬೈತಾರೆ’ ಎಂದಳು. ಇದನ್ನು ನಾನು ಅವರಿಗೆ ಹೇಳಿಲ್ಲ. ಅತ್ತೆಯವರಂತೂ ‘ನಾವ್ ಯಾವ ಟ್ರಿಪ್ಪಿಗೆ ಕರಕೊಂಡು ಹೋಗಿದ್ವಿ, ನನ್ನ ಮಗ ಬೆಳೀಲಿಲ್ಲೇನು?’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಹೋಗಲು ಮನಸ್ಸಿಲ್ಲ. ಮಕ್ಕಳ ಜೊತೆ ತಿರುಗಾಡೋದು ಬೇಡ ಅನ್ನಿಸುವ ನಾನು ಎಂಥ ತಾಯಿ? ಬೇಡ ಅಂದರೆ ಅವರಿಗೆ ಬೇಜಾರು. ಹೂಂ ಅಂದರೆ ಮತ್ತೆ ಅದೇ ಕಥೆ. ಏನು ಮಾಡಲಿ?

ಉತ್ತರ:

ಪ್ರಿಯ ತಂಗಿ,

ದಸರಾ ಮಾತು ಆಮೇಲೆ ಆಡೋಣ. ಮೊದಲು ಮಗಳ ಮಾತು. ಅವಳು ಬರಲ್ಲ ಎಂದಷ್ಟೇ ಹೇಳಿ ಸುಮ್ಮನಾಗಿಲ್ಲ, ಯಾಕೆ ಅನ್ನುವುದನ್ನೂ ಹೇಳಿದ್ದಾಳೆ. ಅವಳಿಗೆ ಕೋಟೆ ಬೇಜಾರಾಗಿಲ್ಲ. ನೀವೇ ಬರೆದ ಹಾಗೆ, ಆ ಕಲ್ಲುಗಳ ಮುಂದೆ ಅಲುಗಾಡದೆ ನಿಂತಿದ್ದಳು. ಅವತ್ತು ನಿಮ್ಮೆಲ್ಲರಿಗಿಂತ ಚೆನ್ನಾಗಿ ಕೋಟೆ ನೋಡಿದವಳು ಅವಳೇ. ಆನೆಯನ್ನೋ ಎತ್ತನ್ನೋ ಕಟ್ಟಿ ಆ ಕಲ್ಲು ತಿರುಗಿಸುತ್ತಿದ್ದರು ಎಂದು ಅಲ್ಲಿನ ಗೈಡ್‌ಗಳು ಹೇಳುತ್ತಾರೆ. ಅಷ್ಟು ಹೇಳಿ, ಅವಳನ್ನು ಹತ್ತು ನಿಮಿಷ ಅಲ್ಲೇ ಬಿಟ್ಟಿದ್ದರೆ ಆ ದಿನ ಬೇರೆಯೇ ಆಗುತ್ತಿತ್ತು.

ಇನ್ನು ನಿಮ್ಮ ಯಜಮಾನರು. ಅವರನ್ನು ಕೆಟ್ಟವರೆಂದು ನಾನು ಓದಲಿಲ್ಲ. ಅಪರೂಪಕ್ಕೆ ಸಿಗುವ ರಜೆಯನ್ನು ಗೆಳೆಯರ ಜೊತೆ ಕಳೆಯದೆ ಮಕ್ಕಳಿಗೆ ಕೊಡಬೇಕು ಅನ್ನುವ ಮನುಷ್ಯ ಅವರು. ನಿಮ್ಮ ಅತ್ತೆಯ ಮಾತಿನಲ್ಲೂ ಒಂದು ಸುಳಿವಿದೆ. ತನ್ನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ ಅನ್ನುವ ಕೊರಗು ನಿಮ್ಮ ಯಜಮಾನರಲ್ಲಿ ಇರಬಹುದು. ಅದಕ್ಕೇ ಮಕ್ಕಳಿಗೆ ಎಲ್ಲವನ್ನೂ ಒಂದೇ ದಿನ ತೋರಿಸಿಬಿಡುವ ಆತುರ. ಒಮ್ಮೆ ಕೇಳಿ ನೋಡಿ, ಚಿಕ್ಕವರಿದ್ದಾಗ ಎಲ್ಲಿಗೆ ಹೋಗಬೇಕು ಅಂತ ಆಸೆ ಇತ್ತು ಎಂದು.

ಆದರೆ ಮಕ್ಕಳ ಜೊತೆ ಎಚ್ಚರವಾಗಿರುವ ಹೊತ್ತು ಅವರಿಗೆ ಸಿಗುವುದೇ ಇಲ್ಲ. ಮಗನಿಗೆ ಮಧ್ಯಾಹ್ನ ಯಾವಾಗ ಕಣ್ಣು ಎಳೆಯುತ್ತದೆ, ಹಸಿದಾಗ ಮಗಳು ಮೊದಲು ಏನು ಮಾಡುತ್ತಾಳೆ, ಇದೆಲ್ಲ ನಿಮಗೆ ಗೊತ್ತು. ಅವರಿಗೆ ಗೊತ್ತಿಲ್ಲ, ಯಾಕೆಂದರೆ ಆ ಹೊತ್ತಿಗೆ ಅವರು ಗಿರಾಕಿಗೆ ಪೈಪು ಅಳೆದು ಕೊಡುತ್ತಿರುತ್ತಾರೆ. ಮೂರು-ನಾಲ್ಕು ವರ್ಷದ ಮಗುವಿಗೆ ಹಗಲಿನದ್ದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿಮ್ಮ ಮಗ ನಸುಕಿನಲ್ಲೇ ಎದ್ದು, ಮಲಗುವ ಹೊತ್ತಿಗೆ ಏಪ್ರಿಲ್-ಮೇ ಬಿಸಿಲಲ್ಲಿ ಕಾದ ಬಂಡೆಗಳ ನಡುವೆ ಇದ್ದ. ಅವನು ಎತ್ತಿಕೋ ಎಂದದ್ದು ಹಟವಲ್ಲ. ಅವನ ಕೈಲಿ ಆಗುತ್ತಿರಲಿಲ್ಲ. ಮಕ್ಕಳ ಹೊಟ್ಟೆ ನಿದ್ದೆಯ ಲೆಕ್ಕವೆಲ್ಲ ನಿಮ್ಮ ಹತ್ತಿರ ಇದೆ, ಎಲ್ಲಿಗೆ ಯಾವಾಗ ಹೊರಡಬೇಕು ಅನ್ನುವ ತೀರ್ಮಾನ ಅವರ ಹತ್ತಿರ ಇದೆ. ನಿಮ್ಮ ಮನೆಯ ತೊಂದರೆ ಇರುವುದು ಇಲ್ಲಿ. ಜಾಗ ಬದಲಾಯಿಸಿದರೆ ಅದು ಹೋಗುವುದಿಲ್ಲ. ಗೋಕರ್ಣಕ್ಕೆ ಹೋದರೆ ಅಲ್ಲಿಗೂ ಬರುತ್ತದೆ.

ಎಂಥ ತಾಯಿ ಎಂದು ಕೇಳಿದ್ದೀರಿ. ನಾಲ್ಕೂವರೆಗೆ ಎದ್ದು, ಇಬ್ಬರು ಮಕ್ಕಳನ್ನು ಹೊರಡಿಸಿ, ಕೆಳಗಿನಿಂದ ಹಾರ್ನ್ ಕೇಳಿಸಿಕೊಂಡ ತಾಯಿ. ನಿಮಗೆ ಬೇಡವಾಗಿರುವುದು ಆ ಕೆಲಸದ ಹೊರೆ, ಮಕ್ಕಳಲ್ಲ. ಸ್ಟೇಟಸ್ ನೋಡಿ ಕೊರಗಬೇಡಿ. ನಿಮ್ಮ ಕೋಟೆಯ ಫೋಟೋ ನೋಡಿ ಇನ್ಯಾವಳೋ ತಾಯಿ ‘ಎಷ್ಟು ಚೆನ್ನಾಗಿದ್ದಾರೆ’ ಎಂದು ಹೊಟ್ಟೆ ಉರಿದುಕೊಂಡಿರುತ್ತಾಳೆ.

ಈಗ ಹೊಡೆತದ ವಿಷಯ. ಇದನ್ನು ಮುಚ್ಚಿಡಬೇಡಿ. ಮಗಳು ಹೇಳಿದ್ದು ಅವರಿಗೆ ಗೊತ್ತಾಗಲೇಬೇಕು, ಅದೂ ನಿಮ್ಮ ಬಾಯಿಂದ. ಅತ್ತೆಯ ಮುಂದೆ ಬೇಡ, ಅಂಗಡಿಗೆ ಹೊರಡುವ ಗಡಿಬಿಡಿಯಲ್ಲೂ ಬೇಡ. ರಾತ್ರಿ ಊಟ ಆದ ಮೇಲೆ, ಇಬ್ಬರೇ ಇದ್ದಾಗ ಹೇಳಿ. ‘ನೀವು ಹೀಗೆ ಮಾಡಿದ್ರಿ’ ಎಂದು ಶುರು ಮಾಡಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. ‘ಟ್ರಿಪ್ ಅಂದ ತಕ್ಷಣ ಪುಟ್ಟಿ ಅಜ್ಜಿ ಹಿಂದೆ ಅಡಗಿಕೊಂಡಳು ರೀ, ಅಪ್ಪಾಜಿ ಬೈತಾರೆ ಅಂದಳು’ ಎಂದಷ್ಟು ಹೇಳಿ ಸುಮ್ಮನಾಗಿ. ಅವರಿಗೆ ನೋವಾಗುತ್ತದೆ, ಆಗಲಿ. ಸಮಾಧಾನ ಮಾಡಲು ‘ಪರವಾಗಿಲ್ಲ ಬಿಡಿ, ಮರೆತುಬಿಡ್ತಾಳೆ’ ಅನ್ನಬೇಡಿ. ಅವಳು ಮರೆತಿಲ್ಲ, ಅದಕ್ಕೇ ಅಡಗಿದ್ದು.

ಆಮೇಲೆ ಅವರು ಮಗಳ ಹತ್ತಿರ ಕೂತು, ಅವಳ ಕಣ್ಣಿಗೆ ಸಮನಾಗಿ ಬಗ್ಗಿ, ಒಂದು ಮಾತು ಹೇಳಬೇಕು: ‘ಅವತ್ತು ಕೋಟೇಲಿ ನಿನಗೆ ಹೊಡೆದೆ. ಅದು ನನ್ನ ತಪ್ಪು. ಇನ್ನು ಹೊಡೆಯಲ್ಲ.’ ಅಲ್ಲಿಗೆ ನಿಲ್ಲಿಸಬೇಕು. ‘ಆದರೆ ನೀನೂ ಹಾಗೆ ಅಳಬಾರದಿತ್ತು’ ಎಂದು ಸೇರಿಸಿದರೆ ಹೇಳಿದ್ದೆಲ್ಲ ನೀರುಪಾಲು. ಚಾಕೊಲೇಟ್ ಕೊಟ್ಟು ಮುಗಿಸುವುದೂ ಬೇಡ. ಮಕ್ಕಳ ಹತ್ತಿರ ತಪ್ಪು ಒಪ್ಪಿಕೊಂಡರೆ ಹೆದರಿಕೆ ಹೋಗಿಬಿಡುತ್ತದೆ ಎಂದು ನಮ್ಮ ಕಡೆ ಗಂಡಸರು ಅಂದುಕೊಳ್ಳುತ್ತಾರೆ. ಆ ಹೆದರಿಕೆ ಹೋಗಲೇಬೇಕು ತಂಗಿ. ಅದು ಇರುವವರೆಗೆ ನಿಮ್ಮ ಮಗಳು ಅಪ್ಪನ ಕೈ ಹಿಡಿದು ಎಲ್ಲಿಗೂ ಖುಷಿಯಿಂದ ಹೋಗುವುದಿಲ್ಲ. ಇದು ಒಂದೇ ಸಲ ಆದದ್ದು ಎಂದು ಬರೆದಿದ್ದೀರಿ, ಅದನ್ನು ನಂಬಿ ಇಷ್ಟು ಹೇಳಿದ್ದೇನೆ. ಹೊಡೆತ ಮತ್ತೆ ಮತ್ತೆ ಆಗತೊಡಗಿದರೆ ಮಾತು ಬೇರೆ. ಮಕ್ಕಳ ಸಹಾಯವಾಣಿ 1098 ಇದೆ, ಹಿಂಜರಿಯದೆ ಫೋನ್ ಮಾಡಿ.

ಇನ್ನು ದಸರಾವರೆಗೆ ಏನು ಮಾಡಬೇಕು? ಅಪ್ಪ-ಮಕ್ಕಳ ಪರಿಚಯ ಆಗಬೇಕು. ಅದಕ್ಕೆ ಟ್ರಿಪ್ ಬೇಕಿಲ್ಲ, ಬೆಳಗಿನ ಹೊತ್ತು ಸಾಕು. ಅಂಗಡಿ ಒಂಬತ್ತಕ್ಕೆ ಅಂದರೆ ಅದಕ್ಕೂ ಮುಂಚೆ ಒಂದು ಗಂಟೆ ಸಿಗುತ್ತದೆ ಅಲ್ವಾ? ವಾರಕ್ಕೆ ಎರಡು ದಿನ ಮಗಳನ್ನು ಸ್ಕೂಲಿಗೆ ಅವರೇ ಬಿಡಲಿ, ಹೆಲ್ಮೆಟ್ ಹಾಕಿಸಿ. ಬೈಕಿನಲ್ಲಿ ಹಿಂದೆ ಕೂತ ಮಕ್ಕಳು ಎದುರು ಕೂತಾಗ ಹೇಳದ ಎಷ್ಟೋ ವಿಷಯ ಹೇಳುತ್ತಾರೆ. ಮಗನ ಸ್ನಾನ ಅವರ ಪಾಲಿಗಿರಲಿ. ತಲೆಗೆ ನೀರು ಹಾಕುವಾಗ ಕಿರುಚುತ್ತಾನೆ, ಸೋಪು ನೆಕ್ಕುತ್ತಾನೆ, ಚಡ್ಡಿ ಹಾಕಿಸಿಕೊಳ್ಳದೆ ಓಡುತ್ತಾನೆ. ಅದನ್ನೆಲ್ಲ ಅವರು ದಿನಾ ನೋಡಲಿ. ಮಕ್ಕಳ ಹಟವನ್ನು ಮನೆಯೊಳಗೆ ಸಾವಿರ ಸಲ ಕಂಡವರಿಗೆ ಬೀದಿಯಲ್ಲಿ ಕಂಡಾಗ ಮಾನ ಹೋದ ಹಾಗೆ ಅನ್ನಿಸುವುದಿಲ್ಲ.

ಬಿಡುವಿನ ಭಾನುವಾರ ಬಂದಾಗ, ಮೊದಲ ಸಲ ನೀವು ಹೋಗಲೇಬೇಡಿ. ಇದು ನಿಮಗೆ ಕಷ್ಟ ಅನ್ನಿಸಬಹುದು, ಆದರೂ ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ. ಬೆಳಿಗ್ಗೆ ಏಳಕ್ಕೆ ಇಬ್ಬರನ್ನೂ ಅವರೊಬ್ಬರೇ ಕುಂದವಾಡ ಕೆರೆಗೆ ಕರೆದುಕೊಂಡು ಹೋಗಲಿ. ದಾರಿಯಲ್ಲಿ ನಡೆಯಲಿ, ಹಕ್ಕಿ ನೋಡಲಿ, ನೀರಿನ ಹತ್ತಿರ ಚಿಕ್ಕವನ ಕೈ ಬಿಡದಿರಲಿ. ಬರುವಾಗ ಮೂವರೂ ಬೆಣ್ಣೆದೋಸೆ ತಿಂದು ಬರಲಿ. ಚಟ್ನಿ ಖಾರ ಅಂತ ಮಗ ಅತ್ತರೆ ಬರೀ ದೋಸೆ, ಆಲೂಗಡ್ಡೆ ಪಲ್ಯ ತಿನ್ನಿಸಬೇಕು ಅನ್ನುವುದು ಅವರಿಗೇ ಹೊಳೆಯುತ್ತದೆ. ಬ್ಯಾಗು ನೀವು ತುಂಬಿ ಕೊಡಬೇಡಿ. ಬದಲಿ ಚಡ್ಡಿ ಮರೆತು ಹೋಗುತ್ತಾರೆ, ಮರೆಯಲಿ. ಫೋನ್ ಬರುತ್ತದೆ, ‘ಇವನು ಅಳ್ತಿದ್ದಾನೆ ಏನ್ ಮಾಡ್ಲಿ’ ಎಂದು. ‘ನೀರು ಕುಡಿಸಿ ನೋಡಿ’ ಎಂದು ಹೇಳಿ ಇಟ್ಟುಬಿಡಿ, ಗಾಡಿ ಹತ್ತಿ ಓಡಬೇಡಿ. ಆ ಎರಡು ಗಂಟೆ ನೀವು ಮಲಗಿ. ಮನೆ ಒರೆಸುತ್ತಾ ಕೂರಬೇಡಿ. ಅತ್ತೆ ಏನಾದರೂ ಅಂದರೆ ‘ನಿಮ್ಮ ಮಗ ಎಷ್ಟು ಚೆನ್ನಾಗಿ ನೋಡ್ಕೊಳ್ತಾರೆ ನೋಡಿ ಅತ್ತೆ’ ಎಂದರೆ ಸಾಕು. ಯಾವ ತಾಯಿಗೂ ಅದಕ್ಕೆ ಎದುರು ಮಾತು ಸಿಗುವುದಿಲ್ಲ.

ಮುಂದಿನ ಸಲ ನಾಲ್ವರೂ ಹರಿಹರಕ್ಕೆ ಹೋಗಿ ಬನ್ನಿ, ಕಾರು ಬಿಟ್ಟು ಪ್ಯಾಸೆಂಜರ್ ರೈಲಿನಲ್ಲಿ. ಬರೀ 14 ಕಿಲೋಮೀಟರ್. ದೊಡ್ಡವರಿಗೆ ಹರಿಹರ ಮುಖ್ಯ, ಮೂರು ವರ್ಷದವನಿಗೆ ರೈಲೇ ಮುಖ್ಯ. ಕಿಟಕಿ ಪಕ್ಕ ಸೀಟು ಸಿಕ್ಕರೆ ಅವನ ದಿನ ಅಲ್ಲಿಗೇ ತುಂಬಿತು. ಹರಿಹರೇಶ್ವರ ದೇವಸ್ಥಾನ 1224ರಲ್ಲಿ ಹೊಯ್ಸಳರ ಕಾಲದಲ್ಲಿ ಪೋಲಾಳ್ವ ಕಟ್ಟಿಸಿದ್ದು. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಯಾವ ಕಡೆ ಯಾರಿದ್ದಾರೆ ಎಂದು ಮಗಳೇ ಹುಡುಕಲಿ, ನೀವು ಹೇಳಿಕೊಡಬೇಡಿ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿರುತ್ತಾಳೆ, ಹೊಳೆಗೆ ಇಳಿಸಬೇಡಿ. ಮಂಡಕ್ಕಿ ಕಟ್ಟಿಕೊಂಡು ಹೋದರೆ ಚಿಕ್ಕವನ ಪಾಲಿನಿಂದ ಶೇಂಗಾ ಆರಿಸಿ ತೆಗೆಯಿರಿ. ಇಡೀ ಶೇಂಗಾ ಆ ವಯಸ್ಸಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಮಧ್ಯಾಹ್ನದ ನಿದ್ದೆಗೆ ಮನೆ ಸೇರಿಬಿಡಿ. ನಿಮ್ಮ ಊರಲ್ಲೇ ಇರುವ ಗಾಜಿನ ಮನೆಗಾದರೆ ಒಂದು ಸಂಜೆ ಸಾಕು.

ಚಿತ್ರದುರ್ಗಕ್ಕೂ ಮತ್ತೆ ಹೋಗಿ. ಬಿಡಬೇಡಿ. ಡಿಸೆಂಬರ್ ಚಳಿಯಲ್ಲಿ, ಬಿಸಿಲು ಏರುವ ಮುಂಚೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ಟೇ ಇಲ್ಲ, ಹಾಗಾಗಿ ಕೊಟ್ಟ ದುಡ್ಡಿಗೆ ಪೂರ್ತಿ ನೋಡಬೇಕು ಅನ್ನುವ ಲೆಕ್ಕವೂ ಬೇಡ. ಏಳು ಸುತ್ತಿನ ಕೋಟೆಯನ್ನು ಮೂರು ವರ್ಷದ ಕೂಸು ಒಂದೇ ದಿನ ಯಾಕೆ ಸುತ್ತಬೇಕು? ಸೀದಾ ಆ ಬೀಸುವ ಕಲ್ಲುಗಳ ಹತ್ತಿರ ಹೋಗಿ, ಅವಳು ಸಾಕು ಅನ್ನುವವರೆಗೆ ನಿಲ್ಲಿ. ಪ್ರಶ್ನೆಗಳಿಗೆ ಉತ್ತರ ಅಪ್ಪಾಜಿಯೇ ಹೇಳಲಿ. ಅವಳಿಗೆ ಇನ್ನೂ ಕಾಲಲ್ಲಿ ಶಕ್ತಿ ಇದ್ದರೆ ಓಬವ್ವನ ಕಿಂಡಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದದ್ದು, ಓಬವ್ವ ಒನಕೆ ಹಿಡಿದು ನಿಂತದ್ದು, ಈ ಕಥೆಯನ್ನು ಹಿಂದಿನ ರಾತ್ರಿಯೇ ಹೇಳಿಟ್ಟಿರಲಿ. ಆಗ ಕಿಂಡಿ ನೋಡಲು ಅವಳೇ ಮುಂದೆ ಓಡುತ್ತಾಳೆ.

ಇನ್ನು ದಸರಾ. ಟ್ರಿಪ್ಪೇ ಬೇಡ ಅನ್ನಬೇಡಿ. ಮೂರು ಊರು ಬೇಡ ಅನ್ನಿ. ಸಾಗರದ ಮೇಲೆ ಹೋದರೆ ಜೋಗ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಇಳಿದು, ನೋಡಿ, ಕಾಲಾಡಿಸಿ ಮುಂದೆ ಹೊರಡಬಹುದು. ಆಮೇಲೆ ಘಾಟಿ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಪ್ರಯಾಣದಲ್ಲಿ ವಾಂತಿ ಜಾಸ್ತಿ. ತಿರುವುಗಳ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ಕೈಗೆ ಮೊಬೈಲ್ ಕೊಡಬೇಡಿ, ಕಿಟಕಿ ತೆಗೆದಿರಲಿ. ಮುರುಡೇಶ್ವರದಲ್ಲಿ ಎರಡು ರಾತ್ರಿ ಉಳಿಯಿರಿ. ನೀವು 123 ಅಡಿಯ ಶಿವನನ್ನು ನೋಡುವಾಗ ನಿಮ್ಮ ಮಕ್ಕಳು ಮರಳು ಅಗೆಯುತ್ತಿರುತ್ತಾರೆ. ಅಗೆಯಲಿ. ಅಲೆಯ ಹತ್ತಿರ ಮಾತ್ರ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದೊಡ್ಡವರು. ಗೋಕರ್ಣ ಬಿಟ್ಟುಬಿಡಿ. ಗೆಳೆಯರ ಕುಟುಂಬಕ್ಕೆ ಹೋಗಬೇಕೆನಿಸಿದರೆ ಅವರು ಹೋಗಿ ಬರಲಿ, ಅದಕ್ಕೆ ನಿಮ್ಮ ಮಕ್ಕಳ ನಿದ್ದೆ ಕೆಡಿಸಬೇಕಿಲ್ಲ. ಬುತ್ತಿಯ ಕೆಲಸವೂ ಈ ಸಲ ಹಂಚಿಕೆಯಾಗಲಿ. ಮಕ್ಕಳ ಬಟ್ಟೆ ಬ್ಯಾಗು ಪೂರ್ತಿ ಅವರ ಜವಾಬ್ದಾರಿ ಎಂದು ಮೊದಲೇ ಹೇಳಿಬಿಡಿ.

ಒಂದು ಕೆಲಸ ಮಾತ್ರ ಅವರು ತಾವೇ ಮಾಡಬೇಕು. ಲಾಡ್ಜಿಗೆ ಅಡ್ವಾನ್ಸ್ ಕೊಡುವ ಮುಂಚೆ ಮಗಳನ್ನು ಕೂರಿಸಿಕೊಂಡು ‘ನೀನು ಬರ್ತೀಯಾ?’ ಎಂದು ಕೇಳಬೇಕು. ಅವಳು ಬರಲ್ಲ ಅಂದರೆ ಪುಸಲಾಯಿಸುವುದು ಬೇಡ, ಅಡ್ವಾನ್ಸ್ ಕೊಡುವುದೂ ಬೇಡ. ಆ ಮೂರು ದಿನ ಅಂಗಡಿಗೆ ರಜೆ ಹಾಕಿ ಅವರು ಮನೆಯಲ್ಲೇ ಮಕ್ಕಳ ಜೊತೆ ಇರಲಿ.